ಒಪ್ಪಿಗೆ ಕಾಗದದ ಮೇಲೊಂದು ಬೂಟು

ರಾಜನ ತಲೆ ಕಡಿದು ವರ್ಷವಾಗಿತ್ತು. 'ರಾಜನಿಲ್ಲದ ಈ ಸರ್ಕಾರ ನನಗೆ ಒಪ್ಪಿಗೆ' ಎಂದು ಇಂಗ್ಲೆಂಡಿನ ಗಂಡಸರೆಲ್ಲ ಗುರುತು ಹಾಕಬೇಕೆಂದು ಹೊಸ ಸರ್ಕಾರ ಅಪ್ಪಣೆ ಮಾಡಿತು. ಆ ಕಾಗದ ನಮ್ಮೂರ ಚರ್ಚಿನ ಮೇಜಿಗೂ ಬಂತು. ಅಂದು ಕಡೇ ದಿನ.

ಬೂಟು ಹೊಲಿಯುವ ಆಂಬ್ರೋಸ್ ಬೆಳಗಿನ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಗುರುತು ಹಾಕಿದ್ರೆ, ನಾಳೆ ರಾಜನ ಮಗ ಸಮುದ್ರ ದಾಟಿ ಬಂದು ನೇಣಿಗೇರಿಸ್ತಾನೆ. ಹಾಕದಿದ್ರೆ ಇವರು ಬಿಡ್ತಾರೇನೇ?"

ಹೆಂಡತಿ ಪ್ರೂಡೆನ್ಸ್ ಸೌಟು ಕುಟ್ಟಿದಳು. "ಊರೋರೆಲ್ಲ ಮಾಡಿದ್ದನ್ನ ನೀವೂ ಮಾಡ್ರೀ. ಇಡೀ ಊರಿಗಾಗುವಷ್ಟು ಹಗ್ಗ ಅವನ ಹತ್ರ ಎಲ್ಲಿರುತ್ತೆ?"

ಮಾತು ಸರಿ ಎನಿಸಿತು. ಆಂಬ್ರೋಸ್ ಕಮ್ಮಾರ ಗ್ರೆಗರಿಯನ್ನು ಕೇಳಿದ.

"ನಾನಾ? ಬೆಳಿಗ್ಗೇನೇ ಹಾಕ್ಬಂದೆ. ಏನಯ್ಯಾ ಪುಕ್ಕಲ, ಒಂದು ಗೀಟಿಗೆ ಇಷ್ಟು ನಡುಕವಾ?"

ರೊಟ್ಟಿ ಸುಡುವ ಸೈಲಸ್ ಇನ್ನೂ ಜೋರು. "ನಂದೂ ಆಯ್ತು. ಊರಿಗೆಲ್ಲ ಕೆಟ್ಟ ಹೆಸರು ತರ್ಬೇಡ ಮಾರಾಯ!"

ಇನ್ನು ಹಾಕದೆ ವಿಧಿಯಿಲ್ಲವೆಂದು ಆಂಬ್ರೋಸನ ಹೆದರಿಕೆ ಇಮ್ಮಡಿಯಾಯಿತು. ಮನೆಗೆ ಓಡಿ ತೊಗಲಿನ ರಾಶಿಯ ಕೆಳಗೆ ತೂರಿಕೊಂಡ. ಧೂಳಿಗೆ ಸೀನು ಬಂತು. ಹುಡುಕಿಕೊಂಡು ಬಂದಿದ್ದ ಗ್ರೆಗರಿ, ಸೈಲಸ್ ಇಬ್ಬರೂ ಕಾಲು ಹಿಡಿದು ಎಳೆದು, ಚರ್ಚಿಗೆ ಹೊತ್ತೊಯ್ದರು.

ಬಾಗಿಲಲ್ಲಿ ಪೇದೆ ಟೋಬಿಯಾಸ್ ಕಾವಲಿದ್ದ. ಒಳಹೋದವರ ಲೆಕ್ಕಕ್ಕೆ ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದ.

"ನಲವತ್ತೆರಡು ಜನ ಹೋಗ್ಬಂದ್ರು. ನಿನ್ನೊಬ್ಬಂದೇ ಬಾಕಿ. ನಡಿ!"

ಓದು ಬಾರದ ನಮ್ಮೂರವರೆಲ್ಲ ಹಾಕುವುದು ಅಡ್ಡಗೀಟು. ಯಾರದೆಂದು ದೇವರೇ ಹೇಳಬೇಕು. ಆಂಬ್ರೋಸನ ಗುರುತು ಮಾತ್ರ ಬೂಟಿನ ಚಿತ್ರ. ಒಳಗೆ ಹೋದವನು ದೇವರನ್ನು ನೆನೆದು, ಗಟ್ಟಿಯಾಗಿ ಕಣ್ಣು ಮುಚ್ಚಿದ. ಮೂವತ್ತು ವರ್ಷದ ಅಭ್ಯಾಸ, ಕೈ ತಾನೇ ಬರೆಯಿತು. ಕಾಗದದ ಕಡೆ ನೋಡದೆಯೇ ಹೊರಗೋಡಿ ಬಂದ.

ಸಂಜೆ ಚರ್ಚಿನ ಅಂಗಳದಲ್ಲಿ ಊರವರೆಲ್ಲರ ಮುಂದೆ ಪೇದೆ ಕಾಗದ ಹಿಡಿದು ನಿಂತ. ತಿರುಗಿಸಿದ. ಹಿಂಬದಿ ನೋಡಿದ.

"ಏನ್ರೋ ಇದು? ಒಂದೇ ಒಂದು ಬೂಟಿದೆ!"

ಎಲ್ಲರೂ ಚರ್ಚಿನ ಗೋಪುರ ನೋಡತೊಡಗಿದರು. ಗ್ರೆಗರಿ ಕೆಮ್ಮಿದ. "ಒಳಗೆ ಹೋಗಿದ್ದಂತೂ ನಿಜ ಸ್ವಾಮಿ. ಆಮೇಲೆ... ಎಲ್ಲರೂ ಹಾಕಿರ್ತಾರೆ, ನನ್ನದೊಂದು ಇಲ್ದಿದ್ರೆ ಏನಾಯ್ತು ಅಂತ..."

"ನಾನೂ ಹಂಗೇ ಅಂದ್ಕೊಂಡೆ," ಎಂದ ಸೈಲಸ್. ಹಿಂದಿನಿಂದ ನಲವತ್ತು ಗಂಟಲುಗಳು ಹೂಂಗುಟ್ಟಿದವು.

ಆಂಬ್ರೋಸ್ ಕುಸಿದು ಕೂತ. "ಅಯ್ಯೋ ದೇವರೇ! ಒಬ್ಬನಿಗಾಗುವಷ್ಟು ಹಗ್ಗ ರಾಜನ ಮಗನ ಹತ್ರ ಇದ್ದೇ ಇರುತ್ತೆ! ಅಳಿಸ್ಬಿಡಿ ಸ್ವಾಮಿ, ನಾನು ಒಪ್ಪಿಲ್ಲ!"

"ಬಾಯ್ಮುಚ್ಚು!" ಪೇದೆ ಗದರಿದ. "ನಮ್ಮೂರಲ್ಲಿ ಸರ್ಕಾರ ನಿಂತಿರೋದೇ ನಿನ್ನೊಬ್ಬನ ಒಪ್ಪಿಗೆ ಮೇಲೆ. ನೀನೂ ಅಳಿಸಿದ್ರೆ ಅದು ದಂಗೆ. ಬೇಕಾದ್ರೆ ಒಂದು ಕೆಲಸ ಮಾಡು. ಇವನದು ಅಳಿಸಬಹುದು ಅಂತ ಊರೋರೆಲ್ಲ ಒಪ್ಪಿ, ಇನ್ನೊಂದು ಕಾಗದಕ್ಕೆ ಗುರುತು ಹಾಕ್ಲಿ."

ಆಂಬ್ರೋಸ್ ಆಸೆಯಿಂದ ತಿರುಗಿದ. ಚರ್ಚಿನ ಅಂಗಳದಲ್ಲಿ ಒಬ್ಬರೂ ಇರಲಿಲ್ಲ.