ಹಬ್ಬದ ಅಪ್ಪುಗೆಯೂ ನಮ್ಮ ಮೌಲ್ವಿ ಅಳಿಯನೂ

ನನಗೆ ಧರ್ಮಶ್ರದ್ಧೆ ಕಡಿಮೆ ಎಂದು ಯಾರೂ ಹೇಳಲಾರರು. ಆದರೆ ಅದು ನನ್ನ ಅನುಕೂಲದ ಕಡೆಗೆ ತುಸು ವಾಲಿಕೊಂಡೇ ನಡೆಯುತ್ತದೆ ಎಂಬುದು ನನ್ನ ಹೆಂಡತಿ ಖಾತುಂಬಿಯ ಅಭಿಪ್ರಾಯ. ಬೇಸಿಗೆಯಲ್ಲಿ ರಂಜಾನ್ ಬಂದರೆ, ಪ್ರಯಾಣದಲ್ಲಿರುವವರಿಗೆ ರೋಜಾದ ಉಪವಾಸ ಬಿಡಲು ಅನುಮತಿ ಉಂಟೆಂಬುದು ನನಗೆ ತಟ್ಟನೆ ನೆನಪಾಗುತ್ತದಂತೆ; ಬಿಟ್ಟದ್ದನ್ನು ಆಮೇಲೆ ಹಿಡಿಯಬೇಕೆಂಬುದು ಮಾತ್ರ ನೆನಪಾಗುವುದಿಲ್ಲವಂತೆ. ಬಟ್ಟೆ ಅಂಗಡಿಯವನು ನಾನು, ಸೊಲ್ಲಾಪುರಕ್ಕೆ ಹೋಗಲೇಬೇಕಾಗುತ್ತದೆ. ಇರಲಿ.

ನಯಾ ಪೈಸೆ ಹೊಸದಾಗಿ ಬಂದಿದ್ದ ಕಾಲ. ನಮ್ಮ ಊರಾದ ಇಂಡಿಯಲ್ಲಿ ನನ್ನ ಮಗಳ ಮದುವೆ ಮಾಡಿ ಕೆಲವು ತಿಂಗಳಾಗಿದ್ದವು. ಆ ಮದುವೆಯ ಊಟದಲ್ಲಿ ನನ್ನ ಅಣ್ಣ ಹುಸೇನಸಾಬ ಬೀಗರ ನಡುವೆ ಕೂತು, "ಪಲಾವಿಗೆ ಉಪ್ಪ ಕಮ್ಮಿ ಬಿದ್ದೈತಿ" ಎಂದು ಇಡೀ ಓಣಿಗೆ ಕೇಳುವಂತೆ ಹೇಳಿಬಿಟ್ಟ. ಅಂದಿನಿಂದ ನಮ್ಮಿಬ್ಬರ ಮಾತು ಬಂದ್. ಮಾತು ಬಿಡುವುದು ನಮಗೆ ಹೊಸದಲ್ಲ. ಈದ್ ನಮಾಜು ಮುಗಿದು ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವ ನೂಕುನುಗ್ಗಲಿನಲ್ಲಿ ನಾವೂ ಎದುರುಬದುರಾಗಿ, ಮೊದಲು ಕೈ ಚಾಚಿದವರು ಯಾರೆಂದು ಗೊತ್ತಾಗದಂತೆ ರಾಜಿಯಾಗಿಬಿಡುತ್ತಿದ್ದೆವು. ಆದರೆ ಈ ಸಲ ಬೀಗರ ಮುಂದೆ ಮಾನ ಹೋಗಿತ್ತು. ನನಗೆ ರಾಜಿ ಬೇಕಿರಲಿಲ್ಲ.

ಆಗ ಸಿಂದಗಿಯಿಂದ ಅಳಿಯ ಯೂಸುಫ್ ಮೊದಲ ಹಬ್ಬಕ್ಕೆ ಬಂದ. ಮದರಸಾದಲ್ಲಿ ಓದಿ, ಮಕ್ಕಳಿಗೆ ಕುರಾನು ಹೇಳಿಕೊಡುತ್ತಿದ್ದ ಹುಡುಗ. ಮೆತ್ತಗಿನ ಮಾತು, ತಗ್ಗಿದ ಕಣ್ಣು. ಸುಳ್ಳು ಹೇಳಲು ಮಾತ್ರ ಬಾರದು. ಅಳಿಯನಾದವನಿಗೆ ಇದು ದೊಡ್ಡ ಕೊರತೆಯೇ. ಸಂಜೆ ಆ ದಿನದ ರೋಜಾ ಮುಗಿಸುವಾಗ ಹಬ್ಬದ ಮಾತು ಬಂತು.

"ಮಾವಾರ, ಈದ್ ನಮಾಜ್ ಆದ ಕೂಡಲೆ ಅಪ್ಕೋಳಾದು ನಮಾಜಿನ ಭಾಗನ ಅಂತ ಮಂದಿ ತಿಳದಾರ. ಪೈಗಂಬರರು ಹಂಗ ಕಲಿಸಿಲ್ರಿ. ದೇವರ ಇಬಾದತ್ತಿನಾಗ, ಆರಾಧನ್ಯಾಗ, ನಾವು ಹೊಸಾದೊಂದು ತಂದು ಸೇರಿಸಿದ್ರ ಅದು ಬಿದ್‌ಅತ್, ಮಾಡಬಾರದ ತಪ್ಪು ಆಗತೈತಿ ಅಂತ ನಮ್ಮ ಉಸ್ತಾದರು ಹೇಳ್ತಿದ್ರು. ಖುಷಿಗಂತ ಅಪ್ಕೊಂಡ್ರ ನಡೀತೈತಿ ಅನ್ನೋ ಓದಿದ ಆಲಿಮರೂ ಅದಾರ್ರಿ."

ಬಾಯಲ್ಲಿ ಖಜೂರ ಇದ್ದುದರಿಂದಲೋ ಏನೋ, ಆ ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಮರುದಿನ ಬೆಳಿಗ್ಗೆಯಿಂದಲೇ ಅಂಗಡಿಯಲ್ಲಿ ಧರ್ಮಪ್ರಚಾರಕ್ಕೆ ನಿಂತೆ. ಲುಂಗಿ ಕೇಳಲು ಬಂದವರಿಗೆ ಲುಂಗಿಯ ಜೊತೆಗೆ ಬಿದ್‌ಅತ್ತಿನ ವಿವರಣೆಯನ್ನೂ ಕಟ್ಟಿ ಕೊಟ್ಟೆ. ಪಕ್ಕದ ಕಿರಾಣಿ ಅಂಗಡಿಯ ಚನ್ನಬಸಪ್ಪನವರು, "ಅಂದ್ರ ಇನ್ನ ಮ್ಯಾಲ ನಿಮ್ಮನ್ನ ಯಾರೂ ಅಪ್ಕೋಬಾರ್ದೇನ್ರಿ?" ಎಂದು ಕೇಳಿದರು. "ಯಾರೂ ಅಪ್ಕೋಬಾರ್ದು" ಎಂದೆ, ಮೋರೆಯ ಮೇಲೆ ಭಕ್ತಿ ತಂದುಕೊಂಡು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮನೆಗೆ ಬಂದರೆ ಖಾತುಂಬಿ ಬಾಗಿಲಲ್ಲೇ ನಿಂತಿದ್ದಳು. "ನಿಮ್ಮ ಅಣ್ಣಾರು ಗಂಟು ಕಟ್ಟಾಕತ್ತಾರ. ಹಬ್ಬಕ್ಕ ಮನಗೂಳಿಗೆ ಮಗಳ ಮನಿಗೆ ಹೊಂಟಾರಂತ. 'ನನ್ನ ಮೈ ಮುಟ್ಟಬಾರ್ದಂತ ನನ್ನ ತಮ್ಮನ ಧರ್ಮಾನ ಅಡ್ಡ ಹಿಡದಾನ, ಇನ್ನ ಈ ಊರಾಗ ನನಗೇನ ಹಬ್ಬ' ಅಂತ ಅತ್ತಾರಂತ!"

ಅಣ್ಣ ಅತ್ತದ್ದನ್ನು ನಾನು ಒಮ್ಮೆಯೇ ನೋಡಿದ್ದು, ನಮ್ಮ ಅಪ್ಪ ತೀರಿಕೊಂಡಾಗ. ಒಳಗಿನಿಂದ ಬಂದ ಯೂಸುಫನ ಮುಖ ಸಣ್ಣದಾಗಿತ್ತು.

"ಮಾವಾರ, ನಮಾಜಿಗೆ ಹೊಸಾ ಬಾಲ ಕಟ್ಟಬ್ಯಾಡ್ರಿ ಅಂದೆ. ಅಣ್ಣನ್ನ ಬಿಡ್ರಿ ಅಂದೇನೇನ್ರಿ? ಮೂರು ದಿನಕ್ಕಿಂತ ಹೆಚ್ಚಿಗೆ ಮಾತು ಬಿಡೋ ಹಂಗಿಲ್ಲ. ಮೊದಲ ಸಲಾಂ ಹೇಳಿದಾವನ ಚಲೋ ಮನಷ್ಯಾ. ಅದಕ್ಕ ಈದ್ ತನಕಾ ಯಾಕ ಕಾಯಬೇಕ್ರಿ? ಈಗ ನಡೀರಿ."

ಹೊಸ ಅಳಿಯನ ಮಾತು, ಮೀರುವಂತಿಲ್ಲ. ಸುಡುಬಿಸಿಲಿನಲ್ಲಿ ಅವನ ಹಿಂದೆ ಹೊರಟೆ. ಹಬ್ಬದ ಗದ್ದಲದಲ್ಲಿ ಅಪ್ಪಿಕೊಳ್ಳುವುದು ಎಷ್ಟು ಸುಲಭವೆಂದು ದಾರಿಯುದ್ದಕ್ಕೂ ಅನಿಸಿತು. ಅಣ್ಣ ಕಟ್ಟೆಯ ಮೇಲೆ ಗಂಟಿನ ಪಕ್ಕ ಕೂತಿದ್ದ. ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದ.

"ಅಸ್ಸಲಾಮು ಅಲೈಕುಂ" ಎಂದೆ.

ಸಲಾಮಿಗೆ ಉತ್ತರ ಕೊಡದೆ ಇರುವಂತಿಲ್ಲವಲ್ಲ! ಅಣ್ಣ ಗೋಡೆಗೇ ಹೇಳಿದಂತೆ "ವ ಅಲೈಕುಮುಸ್ಸಲಾಂ" ಎಂದ. ಅಷ್ಟಕ್ಕೇ ಬಿಟ್ಟರೆ ತಮ್ಮನ ಸಮಕ್ಕೆ ಬಂದಂತಾಗುತ್ತದೆ ಎಂದು ಹೊಳೆದಿರಬೇಕು, ತಿರುಗಿ ಕೂತು "ವ ರಹ್ಮತುಲ್ಲಾಹಿ ವ ಬರಕಾತುಹು" ಎಂದು ದೇವರ ಕೃಪೆ, ಆಶೀರ್ವಾದಗಳನ್ನೂ ಸೇರಿಸಿ ಪೂರ್ತಿ ಮಾಡಿದ. ಆಮೇಲೆ ಯೂಸುಫನನ್ನು ಹಿಡಿದ. "ಮೌಲ್ವಿ ಸಾಬ್ರ, ರೋಜಾ ಹಿಡದೀರಿ, ಖರೇ ಹೇಳ್ರಿ. ಮದುವ್ಯಾಗ ಉಪ್ಪ ಕಮ್ಮಿ ಇತ್ತೋ ಇಲ್ಲೋ?"

ಯೂಸುಫ್ ನನ್ನ ಮುಖ ನೋಡಿದ, ಆಕಾಶ ನೋಡಿದ. "ಸ್ವಲ್ಪ ಕಮ್ಮಿ ಇತ್ರಿ."

ಅಣ್ಣ ನಕ್ಕ ನಗುವಿಗೆ ಅತ್ತಿಗೆ ಒಳಗಿನಿಂದ ಓಡಿ ಬಂದಳು. ನನಗೂ ನಗು ತಡೆಯಲಾಗಲಿಲ್ಲ. ಯಾರು ಮೊದಲು ಕೈ ಚಾಚಿದರೋ ತಿಳಿಯದು, ಇಬ್ಬರೂ ಬಿಗಿಯಾಗಿ ಅಪ್ಪಿಕೊಂಡು ನಿಂತಿದ್ದೆವು. ಗಂಟು ಬಿಚ್ಚಿ ಅತ್ತಿಗೆ ಬಟ್ಟೆಗಳನ್ನೆಲ್ಲ ಒಳಗೆ ಒಯ್ದಳು.

ಮರುದಿನ ಈದ್‌ಗಾದಲ್ಲಿ ನಮಾಜು ಮುಗಿಯಿತು. ಎಂದಿನಂತೆ ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಯೂಸುಫನನ್ನಂತೂ ಸಾಲುಗಟ್ಟಿ ಅಪ್ಪಿಕೊಂಡರು. ಅವನು ನಾಚುತ್ತಲೇ ಎಲ್ಲರಿಗೂ ಸಲಾಂ ಹೇಳಿ ಎದೆಗೊತ್ತಿಕೊಳ್ಳುತ್ತಿದ್ದ. ಬಂದವರ ಮನಸ್ಸು ಮುರಿಯುವುದು ಅವನಿಂದ ಆಗಲಿಲ್ಲ. ನನ್ನ ಹತ್ತಿರ ಬಂದವರು ಮಾತ್ರ ಮಾರು ದೂರದಲ್ಲೇ ನಿಂತು, ಭಯಭಕ್ತಿಯಿಂದ ಸಲಾಂ ಮಾಡಿ, ಪಕ್ಕಕ್ಕೆ ಸರಿದು ಹೋದರು. ಹೊಸ ಶೇರ್ವಾನಿ ಹಾಕಿಕೊಂಡು ಕಂಬದಂತೆ ಒಬ್ಬನೇ ನಿಂತೆ. ಹೊರಗೆ ರಸ್ತೆಯಲ್ಲಿ ಚನ್ನಬಸಪ್ಪನವರು ಕಾಯುತ್ತಿದ್ದರು. ಅವರೂ ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. "ಶರಣ್ರಿ ಸಾಹುಕಾರ್ರ, ನಿಮಗ ಮುಟ್ಟಿದ್ರ ನಡ್ಯಾಂಗಿಲ್ಲಂತ."

ನಾನು ನುಗ್ಗಿ ಅವರನ್ನು ಬಾಚಿ ತಬ್ಬಿಕೊಂಡೆ. ಅವರು ಗಾಬರಿಯಿಂದ, "ಇದು ನಡೀತೈತೇನ್ರಿ?" ಎಂದರು.

"ಅಳಿಯನ್ನ ಕೇಳಿ ಹೇಳ್ತೇನಿ," ಎಂದೆ, ಬಿಡದೆ. "ಮೊದಲ ಸುಮ್ನ ನಿಲ್ರಿ."