ದೊಡ್ಡಪ್ಪನ ಇಳಿಜಾರು

ನಮ್ಮ ದೊಡ್ಡಪ್ಪನಿಗೆ ಮನುಷ್ಯರಿಗಿಂತ ಇಳಿಜಾರುಗಳ ಮೇಲೆ ಪ್ರೀತಿ ಹೆಚ್ಚು! ಮನೆಗೆ ಬಂದವರನ್ನು ಊಟ ಆಯ್ತಾ ಎಂದು ಕೇಳುವ ಮೊದಲು, "ಮೇಲಿಂದ ಇಳ್ದು ಬಂದ್ಯಾ, ಸುತ್ತಿ ಬಂದ್ಯಾ?" ಎಂದು ಕೇಳುವವರು ಇನ್ನೆಲ್ಲಿದ್ದಾರೆ?

ತಪ್ಪು ಬೈಪಾಸಿನದು. ತಿಪಟೂರಿನ ಕಡೆ ಹೋಗುವ ಹೆದ್ದಾರಿ ನಮ್ಮೂರ ತೋಟಗಳ ಪಕ್ಕ ಎರಡಾಳೆತ್ತರದ ಏರಿಯ ಮೇಲೆ ಎದ್ದು ನಿಂತದ್ದೇ, ಬಸ್ಸುಗಳು ಊರೊಳಗೆ ಬರುವುದನ್ನು ಬಿಟ್ಟು ತಲೆಯ ಮೇಲೆ ಹೋಗತೊಡಗಿದವು. ಏರಿ ಹತ್ತಲು ದೊಡ್ಡಮ್ಮನ ಮಂಡಿ ಒಪ್ಪಲಿಲ್ಲ. ಅವರೂ ಚಿಕ್ಕನಾಯಕನಹಳ್ಳಿಗೆ ಕೊಟ್ಟಿದ್ದ ಅವರ ತಂಗಿಯೂ ವಾರಕ್ಕೊಮ್ಮೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಸೇರಿ, ಒಂದೇ ಮಸಾಲೆ ದೋಸೆ ಹಂಚಿಕೊಂಡು, ಸೊಸೆಯರನ್ನು ಮನಸಾರೆ ಬೈದು ಹಿಂತಿರುಗುತ್ತಿದ್ದರು. ಅದು ನಿಂತೇಹೋಯಿತು.

"ಫೋನ್ ಮಾಡಿ ದೊಡ್ಡಮ್ಮ."

"ಸೊಸೆ ಕೇಳುಸ್ಕತಾಳೆ ಕಣಪ್ಪ. ಹೋಯ್ತು ಬುಡು."

ದೊಡ್ಡಪ್ಪ ಬಿಡಲಿಲ್ಲ. ಹೆದ್ದಾರಿ ಕಟ್ಟುವಾಗ ಟಿಪ್ಪರ್‌ಗಳು ಏರಿ ಹತ್ತುತ್ತಿದ್ದ ಮಣ್ಣಿನ ಜಾಡೊಂದು ಅವರ ತೋಟದ ಮೂಲೆಯಲ್ಲಿ ಉಳಿದಿತ್ತು. ಅದನ್ನೇ ಅಗಲ ಮಾಡಿ ಬಸ್ಸು ಇಳಿಸುವುದೆಂದು ಹೊರಟರು. ತುಂಬಲು ಮಣ್ಣೆಲ್ಲಿದೆ? ನಮ್ಮ ಸೀಮೆಯಲ್ಲಿ ಮಣ್ಣಿಗಿಂತ ತೆಂಗಿನ ಮಟ್ಟೆ ಹೆಚ್ಚು! ಕಾಯಿ ಸುಲಿದ ಮಟ್ಟೆಯನ್ನು ಗಾಡಿಗಟ್ಟಲೆ ಸುರಿದು, ಮೇಲೆ ತೆಳ್ಳಗೆ ಮಣ್ಣೆಳೆದರು. ಮೊದಲು ಹತ್ತಿದ್ದು ನನ್ನ ಕಾರು. ಹತ್ತಿತು ಎನ್ನಲೇ? ಹಾಸಿಗೆಯ ಮೇಲೆ ಕುಣಿಯುವ ಮಗುವಿನಂತೆ ಎಗರೆಗರಿ, ಹಿಂದಕ್ಕೆ ಜಾರಿ ಕೊಟ್ಟಿಗೆಯ ಮುಂದೆ ನಿಂತಿತು. ಎಮ್ಮೆ ಎದ್ದು ನಿಂತು ಗೌರವ ಸೂಚಿಸಿತು. (ಎಮ್ಮೆ ನಿಜಕ್ಕೂ ಇತ್ತೋ, ಆಮೇಲೆ ನಾನೇ ತಂದು ಕಟ್ಟಿದೆನೋ! ನನ್ನ ನೆನಪನ್ನು ಪೂರ್ತಿ ನಂಬಬೇಡಿ.)

ಹೆದ್ದಾರಿಯ ಇಂಜಿನಿಯರ್ ಬಂದರು.

"ಯಾರ್ರೀ ಪರ್ಮಿಷನ್ ಕೊಟ್ಟಿದ್ದು?"

"ಬಸ್ಸನ್ನ ಮೇಲಕ್ ಹತ್ತಿಸ್ವಾಗ ನೀವ್ ಯಾರನ್ನ ಕೇಳಿದ್ರಿ ಸ್ವಾಮಿ?"

"ದಾರಿ ಬಿಟ್ರೆ ಬೈಕು, ಕಾರು ಎಲ್ಲಾ ನುಗ್ತವೆ!"

"ಬಸ್ಸು, ಇಲ್ಲಾ ಜನ ತುಂಬಿದ್ ಗಾಡಿ. ಬ್ಯಾರೆ ಒಂದನ್ನೂ ನಾನ್ ಬುಡಲ್ಲ ಕಣ್ರೀ."

ದೊಡ್ಡಪ್ಪ ಎಷ್ಟು ತಿಂಗಳು ಕಚೇರಿಗೆ ಓಡಾಡಿದರೋ! ಕೊನೆಗೆ ಮಟ್ಟೆ ಹೋಗಿ ಜಲ್ಲಿ ಬಂತು, 'ಬಸ್ಸು ಮತ್ತು ಜನ ತುಂಬಿದ ಗಾಡಿಗಳಿಗೆ ಮಾತ್ರ' ಎಂಬ ಬೋರ್ಡೂ ಬಂತು. ದೊಡ್ಡಪ್ಪ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಕಾರಿನಲ್ಲಿ ಒಬ್ಬನೇ ಬಂದ ನನ್ನನ್ನೂ ತಡೆದರು.

"ದೊಡ್ಡಪ್ಪಾ, ನಾನು!"

"ಗೊತ್ತು ಕಣ್ಲಾ. ಜೊತೇಲಿ ಇನ್ಯಾರು?"

ಇಬ್ಬರು ಸಿಗುವವರೆಗೆ ಕಾದೆ. ಸಿಕ್ಕವರು ತಿಪಟೂರಿನವರೆಗೂ ನನ್ನ ಡ್ರೈವಿಂಗನ್ನು ದೂರಿದರು!

ಆದರೆ ಬಸ್ಸುಗಳೇ ಇಳಿಯಲಿಲ್ಲ. ಒಂದು ಬೆಳಿಗ್ಗೆ ದೊಡ್ಡಮ್ಮ ಒಳ್ಳೆಯ ಸೀರೆಯುಟ್ಟು ಬಂದು ನಿಂತರು. ಒಂದು ಬಸ್ಸು ಮೇಲೇ ಹೋಯಿತು. ಇನ್ನೊಂದೂ ಹೋಯಿತು. ದೊಡ್ಡಪ್ಪ ಬೋರ್ಡಿನ ಧೂಳನ್ನು ಟವಲ್ಲಿನಿಂದ ಒರೆಸಿದ್ದೇ ಒರೆಸಿದ್ದು. ಅಷ್ಟರಲ್ಲಿ ತಿಪಟೂರಿನ ಕಡೆಯಿಂದ ಬಂದ ಬಸ್ಸೊಂದು ನಿಧಾನಿಸಿತು, ತಿರುಗಿತು, ಇಳಿಯಿತು! ಬಾಗಿಲಿನಿಂದ ಮೊದಲು ಒಂದು ಕೈಚೀಲ, ಆಮೇಲೆ ದೊಡ್ಡಮ್ಮನ ತಂಗಿ. ದಾರಿಯುದ್ದಕ್ಕೂ ಡ್ರೈವರನ ತಲೆ ತಿಂದು ಬಸ್ಸನ್ನು ಇಳಿಸಿಕೊಂಡು ಬಂದಿದ್ದರಂತೆ.

ಅಕ್ಕತಂಗಿಯರು ತಬ್ಬಿಕೊಂಡು ಅತ್ತರೆಂದು ನನ್ನ ನೆನಪು. "ಅಳೋದ್ಯಾಕೆ? ಬರೋದು ಒಂದ್ಮಾತು ಹೇಳ್ಬಾರ್ದೇನೇ ಅಂತ ಬೈದೆ," ಎನ್ನುತ್ತಾರೆ ದೊಡ್ಡಮ್ಮ. ಇರಬಹುದು. ಆದರೆ ಒಂದನ್ನಂತೂ ನಾನು ಕಂಡೆ. ಒಬ್ಬನೇ ಸವಾರನಿದ್ದ ಬೈಕೊಂದು ದೊಡ್ಡಪ್ಪನ ಪಕ್ಕದಲ್ಲೇ ಹಾರನ್ ಹೊಡೆದು, ಆರಾಮಾಗಿ ಮೇಲೆ ಹತ್ತಿ ಹೋಯಿತು. ದೊಡ್ಡಪ್ಪನಿಗೆ ಗೊತ್ತೇ ಆಗಲಿಲ್ಲ. ಅವರು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದರು.