ಯಾವ ಹಾವಿಗೆ ಯಾವ ಊಟ

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು ಎಂದು ಉಪದೇಶ ಮಾಡುವವರನ್ನು ನಾನು ನಂಬುವುದಿಲ್ಲ. ಅವರು ಯಾರೂ ತಮ್ಮ ಹುಚ್ಚಿನ ಜೊತೆ ಒಬ್ಬರೇ ಒಂದು ತಿಂಗಳು ಮನೆಯಲ್ಲಿ ಇದ್ದವರಲ್ಲ. ನಾನು ಇದ್ದೆ. ನನ್ನ ಹುಚ್ಚು ಹಾವು ಸಾಕುವುದು. ಆಗ ನಾನು ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಲಾರಿಗಳ ತೂಕದ ಚೀಟಿ ಬರೆಯುವ ಗುಮಾಸ್ತ, ಮನೆ ಹೊಸಪೇಟೆಯಲ್ಲಿ. ಗುಡ್ಡವನ್ನು ಬಿಡುವಿಲ್ಲದೆ ಅಗೆಯುತ್ತಿದ್ದ ಕಾಲ. ಬಿಲ ಕಳೆದುಕೊಂಡ ಹಾವುಗಳು ಸೀದಾ ನಮ್ಮ ಶೆಡ್ಡಿಗೆ ಬರುತ್ತಿದ್ದವು. ಡ್ರೈವರುಗಳು ರಾಡು ಹಿಡಿದು ಓಡಿ ಬರುವಷ್ಟರಲ್ಲಿ ನಾನು ಹಾವನ್ನು ದಿಂಬಿನ ಚೀಲಕ್ಕೆ ಹಾಕಿ ಗಂಟು ಕಟ್ಟಿಬಿಡುತ್ತಿದ್ದೆ. ಇದನ್ನು ಧೈರ್ಯವೆಂದು ತಿಳಿಯಬೇಡಿ. ಅಪಾಯವಿಲ್ಲದ್ದು ಎಂದು ಖಾತ್ರಿಯಾದ ಮೇಲಷ್ಟೇ ಕೈ ಹಾಕುತ್ತಿದ್ದೆ. ನಾಗರಹಾವು ಬಂದರೆ ಎಲ್ಲರಿಗಿಂತ ಮೊದಲು ಲಾರಿ ಹತ್ತುತ್ತಿದ್ದವನು ನಾನೇ. ಸಂಜೆ ದಾರಿಯಲ್ಲಿ ಎಲ್ಲಾದರೂ ಬಿಡೋಣವೆಂದು ಚೀಲವನ್ನು ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದೆ. ದಾರಿಯ ಎರಡೂ ಕಡೆ ಕೆಂಪು ಧೂಳು, ಲಾರಿ ಸಾಲು. ಇಲ್ಲಿ ಬೇಡ, ಮುಂದೆ ನೋಡೋಣ ಅನ್ನುತ್ತಿದ್ದಂತೆ ಮನೆ ಬಂದಿರುತ್ತಿತ್ತು. ಹಾವು ಸಾಕುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲವೆಂದು ನನಗೆ ತಿಳಿದದ್ದು ಆಮೇಲೆ. ಮನೆಯ ಕಾನೂನಿನ ಒಪ್ಪಿಗೆ ಮೊದಲ ದಿನದಿಂದಲೂ ಇರಲಿಲ್ಲ.

ಹೀಗೆ ಒಂದು ವರ್ಷದಲ್ಲಿ ಸಂಸಾರ ಬೆಳೆಯಿತು. ಎರಡು ಕೇರೆಹಾವು, ಒಂದು ನೀರುಹಾವು, ಬಳ್ಳಿಯಷ್ಟು ತೆಳ್ಳಗಿನ ಒಂದು ಹಸಿರು ಹಾವು, ಎರಡು ತಲೆಯದೆಂದು ಜನ ಹೇಳುವ ಒಂದು ಮಣ್ಣುಮುಕ್ಕ, ಪಟ್ಟೆಪಟ್ಟೆಯ ಒಂದು ತೋಳಹಾವು. ಒಂದೊಂದರ ನಾಲಗೆಯೂ ಬೇರೆ. ಕೇರೆಗೆ ವಾರಕ್ಕೊಮ್ಮೆ ಇಲಿ; ಅಕ್ಕಿ ಗಿರಣಿಗೆ ಹೋಗಿ ಬೋನಿನಲ್ಲಿ ಬಿದ್ದದ್ದನ್ನು ಬೇಡಿ ತರುತ್ತಿದ್ದೆ. ನೀರುಹಾವಿಗೆ ಕಾಲುವೆಯ ಕಪ್ಪೆ. ತೋಳಹಾವಿಗೆ ಹಲ್ಲಿಯೇ ಆಗಬೇಕು. ಹಸಿರು ಹಾವು ಓತಿಕ್ಯಾತ ಬಿಟ್ಟು ಬೇರೆ ಏನನ್ನೂ ಮೂಸುತ್ತಿರಲಿಲ್ಲ. ಯಾವುದು ಎಂದು ಉಂಡಿತು, ಏನು ಉಂಡಿತು, ಯಾವುದನ್ನು ಉಗುಳಿತು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಇನ್ನು ಅವುಗಳ ವಸತಿಯ ವಿಷಯ. ಹೆಂಡತಿ ಗಿರಿಜಾಳ ಟ್ರಂಕು ಕೇರೆಗಳಿಗೆ ಹೋಯಿತು, ಬಟ್ಟೆ ನೆನೆಹಾಕುವ ಟಬ್ಬು ನೀರುಹಾವಿಗೆ, ಅಡುಗೆಮನೆಯ ಜಾಲರಿ ಕಪಾಟು ಹಸಿರು ಹಾವಿಗೆ, ಜೋಳದ ಡ್ರಮ್ಮು ಮರಳು ತುಂಬಿಕೊಂಡು ಮಣ್ಣುಮುಕ್ಕನಿಗೆ. ಪ್ರತಿ ಸಲವೂ ಅವಳು, "ಇದೊಂದೇ ಹೌದಿಲ್ರಿ?" ಅಂತ ಕೇಳುತ್ತಿದ್ದಳು. ನಾನು ಪ್ರತಿ ಸಲವೂ "ಇದೊಂದೇ" ಅನ್ನುತ್ತಿದ್ದೆ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ; ಕರೆಯಲು ಅಣ್ಣನೋ ತಮ್ಮನೋ ಬರುತ್ತಾನೆ. ಗಿರಿಜಾಳ ತವರು ಕಂಪ್ಲಿ. ಅವಳ ಮದುವೆಗೆ ತವರಿನಿಂದ ಬಂದ ಒಂದು ದೊಡ್ಡ ಡಬ್ಬಿ ಇತ್ತು. ಪ್ರತಿ ಪಂಚಮಿಗೆ ಅದು ಅವಳ ಜೊತೆ ಖಾಲಿ ಹೋಗಿ, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ತುಂಬಿಕೊಂಡು ವಾಪಸು ಬರುತ್ತಿತ್ತು. ಆ ವರ್ಷ ತಮ್ಮ ವೀರೇಶ ಬಂದು ಚಹಾ ಕುಡಿಯುತ್ತ ಕುಳಿತಿದ್ದಾಗ ಅವಳು ಅಟ್ಟದ ಮೂಲೆಯಿಂದ ಡಬ್ಬಿ ಇಳಿಸಿದಳು. ಮುಚ್ಚಳದ ತುಂಬ ತೂತು. ಗಾಳಿಯಾಡಲೆಂದು ನಾನೇ ಮೊಳೆಯಿಂದ ಹೊಡೆದದ್ದು. ಒಳಗೆ ತೋಳಹಾವು. ಅವಳು ಕಿರುಚಲಿಲ್ಲ. ಮುಚ್ಚಳ ಹಾಕಿ, ಒಂದೊಂದೇ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ, "ನಡಿ ವೀರೇಶ" ಎಂದು ಬರಿಗೈಯಲ್ಲಿ ಹೊರಟುಹೋದಳು. ಹಾವಿನ ಹಬ್ಬಕ್ಕೆ ಹೋದ ಹೆಂಡತಿ ಹಾವಿನ ದೆಸೆಯಿಂದಲೇ ತಿರುಗಿ ಬರಲಿಲ್ಲ.

ಪಂಚಮಿಯ ದಿನ ಇನ್ನೊಂದು ಪಜೀತಿ. ಓಣಿಯ ಹೆಂಗಸರು ತಂಬಿಗೆಯಲ್ಲಿ ಹಾಲು ಹಿಡಿದು ನಮ್ಮ ಬಾಗಿಲಿಗೇ ಬಂದರು. "ಹುತ್ತಿನ ತನಕ ಯಾಕ ಹೋಗಬೇಕ್ರಿ, ನಿಮ್ಮ ಮನ್ಯಾಗ ಅದಾವಲ್ಲ" ಎಂದರು ಎದುರು ಮನೆಯ ಪದ್ಮಕ್ಕ. ಹಾವು ಹಾಲು ಕುಡಿಯುವುದಿಲ್ಲ ಎಂದು ಶಾಸ್ತ್ರೋಕ್ತವಾಗಿ ವಿವರಿಸಿದೆ. ಅವರು ಎಲ್ಲ ಕೇಳಿ, "ಅದಕ್ಕ ಗಿರಿಜಾ ಹೋಗ್ಯಾಳ ನೋಡ್ರಿ" ಎಂದು ತಲೆಯಾಡಿಸಿ, ಹಾಲನ್ನು ಹೊಸ್ತಿಲ ಮೇಲೆ ಇಟ್ಟು ಹೋದರು. ಎರಡು ದಿನ ಅದೇ ಹಾಲಿನ ಚಹಾ ಕುಡಿದೆ. ಕುಡಿಯುವಾಗ ಎದುರಿಗೆ ಯಾರೂ ಇರಲಿಲ್ಲ. ಲಾರಿಗಳ ಧೂಳು ಮನೆಯೊಳಗೆ ಎಷ್ಟು ಬರುತ್ತದೆ ಎಂಬುದು ಅವಳು ಒರೆಸುವುದು ನಿಂತ ಮೇಲೆಯೇ ನನಗೆ ಗೊತ್ತಾದದ್ದು. ಅವಳ ಕನ್ನಡಿ ಕೆಂಪಾಯಿತು. ಒರೆಸೋಣವೆಂದು ಹೋದರೆ ಅಂಚಿನಲ್ಲಿ ಅವಳು ಅಂಟಿಸಿಟ್ಟ ಹಣೆಯ ಟಿಕಳಿಗಳು. ಒಂದು ಉದುರಿದರೂ ಅವಳು ಪೂರ್ತಿ ಹೋದ ಹಾಗೆ ಅನ್ನಿಸಿ ಬಟ್ಟೆ ಅಲ್ಲೇ ಬಿಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಅವಳ ಬೈಗುಳ ಬೇಕೆನಿಸುತ್ತಿತ್ತು. ಸಂಜೆ ಬಸ್ಸಿಳಿದು ಓಣಿಯೊಳಗೆ ಬರುವಾಗ, ಇವತ್ತು ಬಂದಿರಬಹುದು ಎಂದು ಕಾಲು ತಾವಾಗಿಯೇ ಬಿರುಸಾಗುತ್ತಿದ್ದವು. ಬೀಗ ಕಂಡೊಡನೆ ನಿಧಾನವಾಗುತ್ತಿದ್ದವು. ಅತ್ತ ಹಸಿರು ಹಾವು ಓತಿಕ್ಯಾತವನ್ನು ಮುಟ್ಟದೆ ಮೂರು ವಾರ ಕಪಾಟಿನ ಜಾಲರಿಗೆ ಮೂತಿ ಒತ್ತಿ ಹೊರಗೆ ನೋಡುತ್ತಿತ್ತು. ಅದನ್ನು ನೋಡಿದರೆ ನನಗೂ ಖಾನಾವಳಿಯ ರೊಟ್ಟಿ ಸೇರುತ್ತಿರಲಿಲ್ಲ. ಅದಕ್ಕೂ ಯಾವುದೋ ಗುಡ್ಡದ ನೆನಪು ಇದ್ದಿರಬೇಕು.

ಕೊನೆಗೆ ವೀರೇಶ ಫೋನು ಮಾಡಿದ. "ಭಾವ, ಅಕ್ಕ ಬರಾಂಗಿಲ್ಲಂತ. ಮನ್ಯಾಗ ಆ ಹಾವರ ಇರಬೇಕು, ನಾನರ ಇರಬೇಕು ಅಂತಾಳ." ಆ ಭಾನುವಾರವೇ ಆರನ್ನೂ ದಿಂಬಿನ ಚೀಲಗಳಲ್ಲಿ ಕಟ್ಟಿ, ಕೈಚೀಲದಲ್ಲಿಟ್ಟು ಕಂಪ್ಲಿ ಬಸ್ಸು ಹತ್ತಿದೆ. ಗುಡ್ಡದಲ್ಲಿ ಅವುಗಳಿಗೆ ಜಾಗ ಉಳಿದಿರಲಿಲ್ಲ. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಇಲಿಗೂ ಕಪ್ಪೆಗೂ ಬರವಿಲ್ಲ. ಪಕ್ಕದಲ್ಲಿ ಕುಳಿತ ಮುದುಕ "ಚೀಲದಾಗ ಏನೈತ್ರಿ, ಭಾಳ ಹುಷಾರಲೆ ಹಿಡಕೊಂಡೀರಿ?" ಎಂದು ಕೇಳಿದ. "ಹೆಂಡ್ತಿ ತವರಿಗೆ" ಎಂದಷ್ಟೇ ಹೇಳಿದೆ. ಸುಳ್ಳೇನಲ್ಲ. ಕೇರೆ, ನೀರುಹಾವುಗಳನ್ನು ಗದ್ದೆಯ ಬದುವಿನಲ್ಲಿ, ಮಣ್ಣುಮುಕ್ಕನನ್ನು ಮರಳು ನೆಲದಲ್ಲಿ, ತೋಳಹಾವನ್ನು ಒಂದು ಪಾಳುಗೋಡೆಯ ಸಂದಿಯಲ್ಲಿ ಬಿಟ್ಟೆ. ಹಸಿರು ಹಾವು ಜಾಲಿಯ ಕೊಂಬೆಗೆ ಸುತ್ತಿಕೊಂಡು ಕಣ್ಣೆದುರೇ ಎಲೆಯಲ್ಲಿ ಎಲೆಯಾಯಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಅತ್ತೆಯ ಮನೆಗೆ ನಡೆದೆ.

"ಎಲ್ಲಾ ಬಿಟ್ಟು ಬಂದೀನಿ ಗಿರಿಜಾ, ನಡಿ ಹೋಗೋಣು" ಎಂದೆ. ಅವಳು ಹಿತ್ತಲಲ್ಲಿ ಬೇಳೆ ಆರಿಸುತ್ತಿದ್ದಳು. ತಲೆ ಎತ್ತದೆ, "ಯಾವ ಹಾವಿಗೆ ಏನ್ ಸೇರತೈತಿ ಅಂತ ಎಲ್ಲಾ ಬರದಿಟ್ಟೀರಿ. ನನಗ ಏನ್ ಸೇರತೈತಿ ಹೇಳ್ರಿ ನೋಡೂನು" ಎಂದಳು.

"ಎಣ್ಣೆಗಾಯಿ" ಎಂದೆ, ತಡಮಾಡದೆ.

"ಅದು ನಿಮಗ ಸೇರೂದು."

ಒಂಬತ್ತು ವರ್ಷದ ಸಂಸಾರ. ಅವಳು ಏನನ್ನಾದರೂ ಎರಡನೇ ಸಲ ಹಾಕಿಸಿಕೊಂಡದ್ದು ನೆನಪಾಗಲಿಲ್ಲ. "ಎಂಟು ದಿನ ಇಲ್ಲೇ ಇರ್ರಿ. ನೋಡಿ ತಿಳಕೋರಿ. ಆಮ್ಯಾಲ ಬರ್ತೀನಿ" ಎಂದಳು.

ರಜೆ ಹಾಕಿ ಉಳಿದೆ. ಗಮನಿಸುವುದರಲ್ಲಿ ನಾನು ಪಳಗಿದವನಲ್ಲವೇ! ಆದರೆ ನಾಲ್ಕು ದಿನ ಕಳೆದರೂ ಏನೂ ಪತ್ತೆಯಾಗಲಿಲ್ಲ. ಅವಳು ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು. ಏನು ಉಳಿದಿರುತ್ತದೋ ಅದನ್ನು. ಐದನೆಯ ದಿನ ಮಧ್ಯಾಹ್ನ ಸೌಟು ಕಸಿದುಕೊಂಡು, "ಇವತ್ತ ನೀನು ಮೊದಲು ಕುಂದ್ರು, ನಾ ಬಡಸ್ತೀನಿ" ಎಂದು ನಿಂತೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಕಣ್ಣು ತುಂಬಿದ್ದವು. "ಇರ್ಲಿ ಬಿಡ್ರಿ, ಬಿಸಿ ಆರತೈತಿ, ಮೊದಲು ನೀವು ಉಣ್ರಿ" ಎಂದಳು. ನನಗೆ ಹಸಿವಾಗಿತ್ತು. ಕುಳಿತುಬಿಟ್ಟೆ.